ಜವಳ ಆಯ್ತೆಂದು ಕಾರ್ ಸೀಟ್ ತಿರುಗಿಸಬೇಡಿ

ಕಲಬುರಗಿಯಲ್ಲಿ ಈಗ ಕೂಸಿಗೆಂದು ಕಾರ್ ಸೀಟ್ ಕೊಳ್ಳುವವರು ಜಾಸ್ತಿ ಆಗಿದ್ದಾರೆ. ನನಗೆ ತುಂಬಾ ಖುಷಿ. ಆದರೆ ಹೋದ ವರ್ಷ ನಮ್ಮ ಬಳಗದಲ್ಲೇ ಮೂರು ಮನೆಯವರು ಒಂದೇ ತಪ್ಪು ಮಾಡಿದರು. ಮೊದಲ ಹುಟ್ಟುಹಬ್ಬ ಆಯಿತು, ಜವಳ ಆಯಿತು, ಗಾಣಗಾಪುರದಿಂದ ವಾಪಸ್ ಬರುವಾಗ ಸೀಟು ಮುಂದಕ್ಕೆ ತಿರುಗಿತ್ತು. ಒಂದು ಕಾರಿನಲ್ಲಂತೂ ನಾನು ಒಂದೇ ಕೈಯಲ್ಲಿ ಎಳೆದರೆ ಇಡೀ ಸೀಟು ನನ್ನ ಕಡೆ ಬಂತು. ಅದರಲ್ಲಿ ಕೂಸು ಕೂತಿತ್ತು.

ಸಣ್ಣ ಕೂಸನ್ನು ಕಾರಿನ ಹಿಂಬದಿಯ ಕಡೆ, ಹಿಂದಕ್ಕೆ ಮುಖ ಮಾಡಿ ಯಾಕೆ ಕೂಡಿಸುತ್ತೇವೆ? ಮೈಗೆ ಹೋಲಿಸಿದರೆ ಕೂಸಿನ ತಲೆ ಭಾರ, ಕುತ್ತಿಗೆ ಎಳೆಯದು. ಎದುರಿನಿಂದ ಡಿಕ್ಕಿಯಾದಾಗ ಹಿಂದಕ್ಕೆ ಮುಖ ಮಾಡಿದ ಕೂಸಿನ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟಿನ ಬೆನ್ನು ಒಟ್ಟಿಗೆ ಹಿಡಿಯುತ್ತದೆ. ಮುಂದಕ್ಕೆ ಮುಖ ಮಾಡಿದ್ದರೆ ಪಟ್ಟಿ ಮೈಯನ್ನು ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಆ ಎಳೆತವೆಲ್ಲ ಕುತ್ತಿಗೆಯ ಮೇಲೆ.

ತಿರುಗಿಸುವುದು ಯಾವಾಗ? ವಯಸ್ಸು ನೋಡಬೇಡಿ, ಸೀಟಿನ ಮೇಲಿನ ಚೀಟಿ ನೋಡಿ. ನಮ್ಮಲ್ಲಿ ಸಿಗುವ ಬಹಳಷ್ಟು ಸೀಟುಗಳಲ್ಲಿ ಹಿಂದಕ್ಕೆ ಮುಖ 13 ಕೆ.ಜಿ.ವರೆಗೆ, ಮುಂದಕ್ಕೆ ಮುಖ 9ರಿಂದ 18 ಕೆ.ಜಿ. ಎಂದಿರುತ್ತದೆ. ಎಲ್ಲರೂ ಎಡವುವುದು ಆ 9ರಲ್ಲಿ. ಕೂಸು 9 ಕೆ.ಜಿ. ಮುಟ್ಟಿದ ದಿನವೇ ತಿರುಗಿಸುತ್ತಾರೆ. ಅದಕ್ಕಿಂತ ಮುಂಚೆ ಕೂಡದು ಎಂದಷ್ಟೇ ಅದರ ಅರ್ಥ. ನೀವು ಕಾಯಬೇಕಾದ್ದು 13ಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 2 ವರ್ಷ ತುಂಬಿದ ಗಂಡು ಕೂಸಿನ ಮಧ್ಯಮ ತೂಕ 12.2 ಕೆ.ಜಿ., ಹೆಣ್ಣು ಕೂಸಿನದು 11.5. ಅಂದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು 2 ವರ್ಷ ದಾಟಿಯೂ ಹಾಗೇ ಕೂಡಬಹುದು, ಅಲ್ವಾ? ಹಿಂದಕ್ಕೆ ಮುಖ 18 ಕೆ.ಜಿ.ವರೆಗೆ ಇರುವ ಸೀಟೂ ಸಿಗುತ್ತದೆ. ಕೈಯಲ್ಲಿ ಹಣ ಇದ್ದರೆ ಅದನ್ನೇ ಕೊಳ್ಳಿ.

ತೂಕದ ಜೊತೆ ಎತ್ತರವನ್ನೂ ನೋಡಿ. ಕೂಸಿನ ನೆತ್ತಿ ಮತ್ತು ಸೀಟಿನ ಮೇಲಂಚಿನ ನಡುವೆ ಎರಡು ಬೆರಳು ಜಾಗ ಉಳಿಯದಿದ್ದರೆ ಆ ಸೀಟು ಸಣ್ಣದಾಯಿತು. ತೂಕ, ಎತ್ತರ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಮೊದಲು 2 ವರ್ಷ ಎನ್ನುತ್ತಿತ್ತು. 2018ರಲ್ಲಿ ವಯಸ್ಸನ್ನೇ ತೆಗೆದು, ಸೀಟಿನ ಮಿತಿ ಮುಗಿಯುವವರೆಗೂ ಹಿಂದಕ್ಕೇ ಇರಲಿ ಎಂದಿತು.

"ಕೂಸಿನ ಕಾಲು ಮಡಚ್ಯಾವ, ನೋಯ್ತಾವ, ತಿರುಗಿಸಿ ಕೂಡಿಸ್ರಿ" ಎಂದು ಮನೆಯಲ್ಲಿ ಆಯಿ, ಮುತ್ಯಾ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಕ್ಕಳು ನೆಲದ ಮೇಲೂ ಚಕ್ಕಳಮಕ್ಕಳ ಹಾಕಿಯೇ ಕೂಡುತ್ತಾರೆ, ನೋಡಿ. ಕಾಲು ಮಡಚಿದ್ದು ತಿರುಗಿಸಲು ಕಾರಣವೇ ಅಲ್ಲ.

ಮಿತಿ ಮುಗಿದ ಮೇಲೆ ತಿರುಗಿಸುವ ಕೆಲಸ. ಅವಸರದಲ್ಲಿ ಮಾಡಬೇಡಿ, ಅರ್ಧ ಗಂಟೆ ಇಟ್ಟುಕೊಳ್ಳಿ. ಸೀಟನ್ನು ಪೂರ್ತಿ ಹೊರಗೆ ತೆಗೆದು, ಜೊತೆಗೆ ಬಂದ ಪುಸ್ತಕ ಬಿಚ್ಚಿ ಪಕ್ಕದಲ್ಲಿಡಿ.

ಮೊದಲು ಭುಜದ ಪಟ್ಟಿ. ಹಿಂದಕ್ಕೆ ಮುಖ ಇದ್ದಾಗ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿನ ತೂತಿನಿಂದ ಬರಬೇಕು, ಯಾಕೆಂದರೆ ಡಿಕ್ಕಿಯಲ್ಲಿ ಕೂಸು ಮೇಲಕ್ಕೆ ಜಾರುತ್ತದೆ. ಮುಂದಕ್ಕೆ ತಿರುಗಿಸಿದಾಗ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲಿನ ತೂತಿನಿಂದ ಬರಬೇಕು. ಕೆಳಗಿನಿಂದ ಬಂದರೆ ಭುಜವನ್ನು ಕೆಳಕ್ಕೆ ಜಗ್ಗಿ ಬೆನ್ನುಹುರಿಯ ಮೇಲೆ ಒತ್ತಡ ಬೀಳುತ್ತದೆ. ಇದನ್ನು ಬದಲಿಸುವುದನ್ನು ಮೂರೂ ಮನೆಯವರು ಮರೆತಿದ್ದರು.

ಆಮೇಲೆ ಕಾರಿನ ಬೆಲ್ಟ್ ಹೋಗುವ ದಾರಿ. ಇಲ್ಲಿ ನಿಧಾನ ಮಾಡಿ. ಬೆಲ್ಟ್‌ನಿಂದ ಕಟ್ಟುವ ಸೀಟುಗಳಲ್ಲಿ ಎರಡು ದಾರಿ ಇರುತ್ತವೆ. ಹಿಂದಕ್ಕೆ ಮುಖ ಇದ್ದರೆ ನೀಲಿ ಗುರುತು, ಮುಂದಕ್ಕೆ ಇದ್ದರೆ ಕೆಂಪು ಗುರುತು. ನನ್ನ ಕಡೆ ಬಂದ ಆ ಸೀಟಿನಲ್ಲಿ ಬೆಲ್ಟ್ ಇನ್ನೂ ನೀಲಿ ದಾರಿಯಲ್ಲೇ ಇತ್ತು. ಕೆಂಪು ಗುರುತಿನಲ್ಲಿ ಬೆಲ್ಟ್ ತೂರಿಸಿ, ಸೀಟಿನ ಮೇಲೆ ಮೊಣಕಾಲೂರಿ, ಮೈಭಾರವೆಲ್ಲ ಹಾಕಿ ಬೆಲ್ಟ್ ಎಳೆಯಿರಿ. ಸೀಟಿನಲ್ಲಿ ಬೆಲ್ಟ್ ಬಿಗಿಹಿಡಿಯುವ ಕ್ಲಿಪ್ ಇದ್ದರೆ ಹಾಕಿ. ಈಗ ಬೆಲ್ಟ್ ಹಾದುಹೋಗುವ ಜಾಗದಲ್ಲೇ ಹಿಡಿದು ಅಲುಗಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಅಲುಗಿದರೆ ಬಿಚ್ಚಿ, ಮತ್ತೆ ಕಟ್ಟಿ. ಕಾರಿನ ಹೆಡ್‌ರೆಸ್ಟ್ ಸೀಟನ್ನು ಮುಂದಕ್ಕೆ ತಳ್ಳುತ್ತಿದ್ದರೆ ಅದನ್ನು ಮೇಲಕ್ಕೆತ್ತಿ ಅಥವಾ ತೆಗೆದಿಡಿ.

ಐಸೋಫಿಕ್ಸ್ (ಬೆಲ್ಟ್ ಬದಲು ಕಾರಿನ ಸೀಟಿನ ಸಂದಿಯಲ್ಲಿರುವ ಕಂಬಿಗೆ ಕಚ್ಚುವ ಕೊಕ್ಕೆ) ಇದ್ದರೆ ಕೊಕ್ಕೆ ಎರಡೂ ಕಚ್ಚಿ ಹಸಿರು ಕಾಣುವವರೆಗೆ ಒತ್ತಿ. ಮೇಲಿನಿಂದ ಹಿಂದಕ್ಕೆ ಹೋಗುವ ಪಟ್ಟಿ ಇದ್ದರೆ ಅದನ್ನೂ ಹಾಕಿ. ಕೂಸಿನ ತಲೆ ಮುಂದಕ್ಕೆ ಹೋಗುವ ದೂರವನ್ನು ಕಡಿಮೆ ಮಾಡುವುದು ಅದೇ ಪಟ್ಟಿ. ಕಾರಿನ ಹಿಂದಿನ ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಕೊಕ್ಕೆಗೆ ಅದನ್ನು ಸಿಕ್ಕಿಸಬೇಡಿ, ಆ ಕೊಕ್ಕೆ ಬೇರೆ. ಸರಿಯಾದ ಕೊಕ್ಕೆ ಎಲ್ಲಿದೆ ಎಂದು ಕಾರಿನ ಪುಸ್ತಕದಲ್ಲಿದೆ.

ಸೀಟು ಒರಗುವ ಕೋನವನ್ನು ಪುಸ್ತಕ ಹೇಳಿದಷ್ಟು ನೆಟ್ಟಗೆ ಮಾಡಿ.

ಈಗ ಕೂಸನ್ನು ಕೂಡಿಸಿ ಪಟ್ಟಿ ಬಿಗಿ ಮಾಡಿ. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ ಇದೆ. ಬೀದರ್ ಚಳಿಗೆ ದಪ್ಪ ಸ್ವೆಟರ್ ಹಾಕಿ ಅದರ ಮೇಲೆ ಪಟ್ಟಿ ಕಟ್ಟುತ್ತಾರೆ, ಹಾಗೆ ಮಾಡಬೇಡಿ. ಡಿಕ್ಕಿ ಹೊಡೆದಾಗ ಸ್ವೆಟರ್ ಅಮುಕಿ ಪಟ್ಟಿ ಸಡಿಲಾಗುತ್ತದೆ. ಪಟ್ಟಿ ಕಟ್ಟಿದ ಮೇಲೆ ಕೌದಿ ಹೊದಿಸಿ. ಸೀಟಿನ ಜೊತೆ ಬರದ ಮೆತ್ತೆ, ತಲೆ ಬಾಗದಂತೆ ಕಟ್ಟುವ ಬ್ಯಾಂಡ್ ಆನ್‌ಲೈನ್‌ನಲ್ಲಿ ಸಿಗುತ್ತವೆ. ಸುಮ್ನೆ ದುಡ್ಡು ಹಾಳು, ಅಪಾಯವೂ ಹೌದು. ಹಳೆಯ ಸೀಟು ಯಾರಾದರೂ ಕೊಟ್ಟರೆ ಅಪಘಾತ ಕಂಡಿದೆಯಾ ಎಂದು ಮೊದಲು ಕೇಳಿ. ಕಂಡಿದ್ದರೆ ಬೇಡ.

ತಿರುಗಿಸಿದರೂ ಸೀಟು ಹಿಂದಿನ ಸಾಲಿನಲ್ಲೇ ಇರಲಿ. ಹಿಂದಕ್ಕೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 1000 ರೂಪಾಯಿ ದಂಡ ಇದೆ. ಹುಮನಾಬಾದ್‌ಗೆ ಹೋಗುವಾಗಲೂ ಕಟ್ಟಿ, ಸೂಪರ್ ಮಾರ್ಕೆಟ್‌ಗೆ ಹೋಗುವಾಗಲೂ ಕಟ್ಟಿ.

ನಮ್ಮ ಬಿಸಿಲಿನ ಮಾತು ಒಂದಿದೆ. ಏಪ್ರಿಲ್, ಮೇನಲ್ಲಿ ನಿಲ್ಲಿಸಿದ ಕಾರಿನೊಳಗೆ ಪಟ್ಟಿಯ ಬಕಲ್ ಕಾದು ಕೂಸಿನ ತೊಡೆ ಸುಡುತ್ತದೆ. ಇಳಿಯುವಾಗ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸಿ ಹೋಗಿ. ಹತ್ತುವಾಗ ಬಕಲ್ ಅನ್ನು ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ, ಆಮೇಲೆ ಕೂಸನ್ನು ಕೂಡಿಸಿ.