ಐದು ತಂತಿಯ ಬೇಸ್‌ಗೆ ಗೇಜ್ ಆರಿಸಿದ್ದು: ನನ್ನ ಅನುಭವ

ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವನಿಗೆ ಐದನೇ ತಂತಿ ಯಾಕೆ ಬೇಕು ಅಂದ್ರೆ, ಹಾಡುವವರ ಶ್ರುತಿಗೋಸ್ಕರ. ಒಬ್ಬರಿಗೆ ಹಾರ್ಮೋನಿಯಂನ ಕಪ್ಪು 1 ಬೇಕು, ಇನ್ನೊಬ್ಬರಿಗೆ ಕಪ್ಪು 2. ಅಂದರೆ ಸಿ ಶಾರ್ಪ್, ಡಿ ಶಾರ್ಪ್. ನಾಲ್ಕು ತಂತಿಯ ಬೇಸ್ (ಜಿ, ಡಿ, ಎ, ಇ) ಕೆಳಗೆ ಇ ಹತ್ತಿರವೇ ನಿಂತುಬಿಡುತ್ತದೆ. ಐದನೆಯದು, ಅಂದರೆ ಬಿ, ಇದ್ದರೆ ಆ ಷಡ್ಜ ಬಿ ತಂತಿಯ 2ನೇ, 4ನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಅಡ್ಡ ಪಟ್ಟಿ) ಸಿಗುತ್ತದೆ. ಹಾಗಾಗಿ ನನ್ನ ಬೆರಳು ಬಹಳ ಹೊತ್ತು ಬಿ ಮೇಲೆಯೇ ಇರುತ್ತದೆ. ಗೇಜ್, ಅಂದರೆ ತಂತಿಯ ದಪ್ಪ, ಆರಿಸುವುದನ್ನೂ ಅಲ್ಲಿಂದಲೇ ಶುರು ಮಾಡಿದೆ.

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 45-65-80-100-130 ಸೆಟ್ (ಜಿಯಿಂದ ಬಿವರೆಗೆ). ಇನ್ನೂ ದಪ್ಪ ಬೇಕಂದ್ರೆ 45-65-85-105-135. ಇದು ಇಂಚಿನ ಸಾವಿರದ ಲೆಕ್ಕ. 130 ಅಂದರೆ ಸುಮಾರು 3.3 ಮಿ.ಮೀ. ದಪ್ಪ. ಈ ಸೆಟ್‌ಗಳ ಬಗ್ಗೆ ಎಲ್ಲರದೂ ಒಂದೇ ದೂರು: ಬಿ ಸಡಿಲ, ಜೋರಾಗಿ ಮೀಟಿದರೆ ಫ್ರೆಟ್‌ಗೆ ಬಡಿಯುತ್ತದೆ.

ನಾನು ಡಿ'ಅಡಾರಿಯೊ ಕಂಪನಿಯ ಟೆನ್ಶನ್ (ತಂತಿಯ ಬಿಗಿ) ಪಟ್ಟಿ ತೆಗೆದು ನೋಡಿದೆ. 34 ಇಂಚು ಸ್ಕೇಲ್‌ನಲ್ಲಿ (ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿ ಕಂಪಿಸುವ ಉದ್ದ), ನಿಕಲ್ ರೌಂಡ್‌ವೌಂಡ್ (ದುಂಡು ಸುತ್ತಿನ) ತಂತಿಗೆ, 45ರ ಜಿ ಸುಮಾರು 43 ಪೌಂಡ್ ಎಳೆಯುತ್ತದೆ. 105ರ ಇ ಸುಮಾರು 40. 130ರ ಬಿ ಸುಮಾರು 35. 65ರ ಡಿ ಮಾತ್ರ 51! ಬಿ ಸಡಿಲ ಅನ್ನಿಸುವುದಕ್ಕೆ ಅರ್ಧ ಕಾರಣ ಈ ಡಿ. ಬೆರಳು ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗುವಾಗ ಉಳಿದ ತಂತಿಗಳಿಗೇ ಹೋಲಿಸಿ ನೋಡುತ್ತದೆ, ಅಲ್ವಾ?

ಬಿಯನ್ನು ಸುಮ್ನೆ ದಪ್ಪ ಮಾಡುತ್ತಾ ಹೋದರೆ ಆಗಲ್ವಾ? 145 ಹಾಕಿದರೆ ಬಿಗಿ ಇ ತಂತಿಯ ಮಟ್ಟಕ್ಕೆ ಬರುತ್ತದೆ, ನಿಜ. ಆದರೆ ತಂತಿ ದಪ್ಪವಾದಷ್ಟೂ ಸರಿಯಾಗಿ ಬಾಗುವುದಿಲ್ಲ, ಕಬ್ಬಿಣದ ಸರಳಿನ ಹಾಗೆ ನಡೆದುಕೊಳ್ಳುತ್ತದೆ. ಅದರ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಬರುವ ಮೇಲಿನ ಸ್ವರಗಳು) ಇರಬೇಕಾದ್ದಕ್ಕಿಂತ ಏರಿರುತ್ತವೆ. ಹಾಕಿ ನೋಡಿದೆ. 'ಗುಮ್' ಅಂತ ಸದ್ದು ಬಂತು, ಆದರೆ ಯಾವ ಸ್ವರ ಅಂತ ಹಾಡುವವರಿಗೆ ಗೊತ್ತಾಗಬೇಕಲ್ಲ! ಒಂದೆರಡು ಸ್ವರ ಇಳಿಸಿ ಮೆಟಲ್ ನುಡಿಸುವವರಿಗೆ 145 ಸರಿ. ನನಗೆ ಬೇಡ.

ಕೊನೆಗೆ ನಿಂತಿದ್ದು 135ರ ಟೇಪರ್ ತಂತಿಗೆ. ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿಗೆ ಆಸರೆಯಾಗುವ ತುಂಡು) ಮೇಲೆ ಕೂರುವ ಕಡೆ ಇದರ ಹೊರಸುತ್ತು ಇರುವುದಿಲ್ಲ, ತಂತಿ ಅಲ್ಲಿ ತೆಳ್ಳಗಿರುತ್ತದೆ. ಹಾಗಾಗಿ ಸಲೀಸಾಗಿ ಬಾಗುತ್ತದೆ, ಸ್ವರ ಬಿಡಿಸಿ ಕೇಳುತ್ತದೆ. ಬಿಗಿ ಸುಮಾರು 37 ಪೌಂಡ್.

ಆಮೇಲೆ ಡಿ. ಒಂದೇ ಬಗೆಯ ತಂತಿಗಳಲ್ಲಿ ಬಿಗಿ ಹೆಚ್ಚುಕಡಿಮೆ ಗೇಜಿನ ವರ್ಗಕ್ಕೆ (ಗೇಜ್ × ಗೇಜ್) ತಕ್ಕಂತೆ ಬದಲಾಗುತ್ತದೆ. 65 ತೆಗೆದು 60 ಹಾಕಿದರೆ 51 ಇದ್ದದ್ದು 44ಕ್ಕೆ ಇಳಿಯುತ್ತದೆ. ಬಿಡಿ ತಂತಿ ತರಿಸಿ ಹಾಕಿದೆ. ಈಗ ನನ್ನದು 45-60-80-105-135. ನಿಜ ಹೇಳಬೇಕಂದ್ರೆ ಬಿ ಬದಲಾಯಿಸಿದ್ದಕ್ಕಿಂತ ಡಿ ಬದಲಾಯಿಸಿದ್ದೇ ಕೈಗೆ ಜಾಸ್ತಿ ಗೊತ್ತಾಯಿತು. ಬಿಡಿ ತಂತಿ ಹುಡುಕುವ ತಾಪತ್ರಯ ಬೇಡ ಅನ್ನುವವರಿಗೆ ಬಿಗಿ ಸಮ ಮಾಡಿದ ಸೆಟ್‌ಗಳೂ ಸಿಗುತ್ತವೆ. ಅದೇ ಕಂಪನಿಯ ನಾಲ್ಕು ತಂತಿಯ ಅಂಥ ಸೆಟ್ 45-60-80-107.

ನಿಮ್ಮದು 35 ಇಂಚು ಸ್ಕೇಲ್ ಆದರೆ ಲೆಕ್ಕ ಬೇರೆ. ಅದೇ ತಂತಿ, ಅದೇ ಶ್ರುತಿಗೆ ಬಿಗಿ ಸುಮಾರು 6% ಹೆಚ್ಚುತ್ತದೆ. ಅಲ್ಲಿ 130 ಹಾಕಿದರೆ ನನ್ನ 135ರ ಬಿಗಿಯೇ ಬರುತ್ತದೆ. ಫ್ಲ್ಯಾಟ್‌ವೌಂಡ್‌ಗೆ (ಚಪ್ಪಟೆ ಸುತ್ತಿನ ತಂತಿ) ಈ ಅಂಕಿಗಳು ಹೊಂದುವುದಿಲ್ಲ, ಅದರ ಪಟ್ಟಿಯನ್ನೇ ನೋಡಿ.

ಹಾಕುವಾಗ ಕೆಲವು ಸೂಕ್ಷ್ಮಗಳಿವೆ. 130ಕ್ಕೆ ಕೊರೆದ ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚಿನಲ್ಲಿ 135 ಪೂರ್ತಿ ಕೂರದಿದ್ದರೆ ಸ್ವಲ್ಪ ಉಜ್ಜಬೇಕು. ಅಗಲ ಮಾತ್ರ, ಆಳ ಮುಟ್ಟಬಾರದು. ಕತ್ತರಿಸುವ ಮೊದಲು ತಂತಿಯನ್ನು ಚೂಪಾಗಿ ಮಡಿಸಿಕೊಳ್ಳಿ, ಇಲ್ಲದಿದ್ದರೆ ಒಳಗಿನ ಕೋರ್ ಮೇಲೆ ಹೊರಸುತ್ತು ಜಾರಿ ತಂತಿ ಸತ್ತುಹೋಗುತ್ತದೆ. ಒಟ್ಟು ಎಳೆತ ಬದಲಾಗಿರುವುದರಿಂದ ಒಂದು ದಿನ ಬಿಟ್ಟು ನೆಕ್ ನೋಡಿ, ಬೇಕಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ, ಅದರ ಬಾಗು ಸರಿಪಡಿಸುವ ಸರಳು) ತಿರುಗಿಸಿ, ಆಮೇಲೆ ಇಂಟೊನೇಶನ್ (ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿ ಬರುವಂತೆ ಸ್ಯಾಡಲ್ ಹೊಂದಿಸುವುದು). ಟೇಪರ್ ತಂತಿ ಕೊಳ್ಳುವ ಮುಂಚೆ ನಿಮ್ಮ ಬೇಸ್‌ನಲ್ಲಿ ತಂತಿ ಬ್ರಿಡ್ಜ್‌ನಿಂದ ಬರುತ್ತದೋ ಬಾಡಿಯೊಳಗಿಂದ ತೂರಿ ಬರುತ್ತದೋ ನೋಡಿಕೊಳ್ಳಿ. ಬಾಡಿಯೊಳಗಿಂದ ಬಂದರೆ ತೆಳ್ಳಗಿನ ಭಾಗ ಸ್ಯಾಡಲ್ ತಲುಪದೆ ಹಿಂದೆಯೇ ಉಳಿಯಬಹುದು. ಆಗ ಟೇಪರ್‌ಗೆ ಕೊಟ್ಟ ದುಡ್ಡು ದಂಡ.