ಬ್ಯಾಂಡ್ ಬಂದರೆ ಸಾಲದು: ಬಳ್ಳಾರಿ ಲ್ಯಾಬ್‌ನಲ್ಲಿ 2ಇ1 ಆ್ಯಂಟಿಬಾಡಿ

ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಕೆಲವರ ಲಿವರ್‌ಗೆ ಪೆಟ್ಟು ಕೊಡುತ್ತದೆ. ಕುಡಿಯುವವರಲ್ಲಿ ಈ ಭಯ ಜಾಸ್ತಿ. ಇದರಲ್ಲಿ ಸಿವೈಪಿ2ಇ1 (ಚಿಕ್ಕದಾಗಿ 2ಇ1) ಎಂಬ ಎನ್‌ಜೈಮ್‌ನ ಪಾತ್ರ ಎಷ್ಟು ಎಂಬ ಚರ್ಚೆ ಹಳೆಯದು. ಆಲ್ಕೋಹಾಲ್, ಅಸಿಟೋನ್‌ನಂಥ ಸಣ್ಣ ಅಣುಗಳನ್ನು ಮಾರ್ಪಡಿಸುವುದು ಇದರ ಕೆಲಸ. ಪ್ಯಾರಾಸಿಟಮಾಲ್ ಲಿವರ್‌ನಲ್ಲಿ ವಿಷವಾಗಿ ಮಾರ್ಪಡುವುದೂ ಬಹುಪಾಲು ಇದರಿಂದಲೇ. ಬಳ್ಳಾರಿಯ ನಮ್ಮ ಫಾರ್ಮಕಾಲಜಿ ಲ್ಯಾಬ್‌ನಲ್ಲಿ ಇಲಿಗಳ ಲಿವರ್‌ನಲ್ಲಿ ಇದನ್ನು ಅಳೆಯಬೇಕಿತ್ತು.

‘ಪಿಸಿಆರ್ ಮಾಡಿದ್ರೆ ಸಾಕಲ್ವಾ, ಆ್ಯಂಟಿಬಾಡಿಗೆ ಅಷ್ಟು ದುಡ್ಡು ಯಾಕೆ?’ ಎಂದು ನಮ್ಮ ಗೈಡ್ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಪಿಸಿಆರ್ ಅಳೆಯುವುದು ಎಂಆರ್‌ಎನ್‌ಎಯನ್ನು, ಅಂದರೆ ಪ್ರೋಟೀನ್ ಮಾಡಲು ಜೀನ್ ಕಳಿಸುವ ಸಂದೇಶವನ್ನು. ಆ್ಯಂಟಿಬಾಡಿ ಹೋಗಿ ಅಂಟುವುದು ಪ್ರೋಟೀನ್‌ಗೇ. ಆದರೆ ಅಸಿಟೋನ್ ಅಥವಾ ಐಸೋನಿಯಾಜಿಡ್ ಕೊಟ್ಟಾಗ 2ಇ1 ಹೆಚ್ಚುವುದು ಮುಖ್ಯವಾಗಿ ಆ ಪ್ರೋಟೀನ್ ಬೇಗ ಒಡೆದುಹೋಗದೆ ಉಳಿಯುವುದರಿಂದ. ಎಂಆರ್‌ಎನ್‌ಎ ಇದ್ದಷ್ಟೇ ಇರಬಹುದು. ಅಂದರೆ ಪಿಸಿಆರ್ ‘ಏನೂ ಬದಲಾಗಿಲ್ಲ’ ಎಂದು ಹೇಳುವಾಗಲೇ ಲಿವರ್‌ನಲ್ಲಿ ಎನ್‌ಜೈಮ್ ಏರಿರುತ್ತದೆ. ಇಲ್ಲಿ ಪ್ರೋಟೀನನ್ನೇ ನೋಡಬೇಕು.

ಆ್ಯಂಟಿಬಾಡಿ ಆರಿಸುವಾಗ ನಾನು ಬೆಲೆಗಿಂತ ಮೊದಲು ನೋಡಿದ್ದು ಅದನ್ನು ಯಾವ ಪ್ರೋಟೀನ್ ತುಣುಕಿನ ವಿರುದ್ಧ ಮಾಡಿದ್ದಾರೆ, ಇಲಿಯ ಮೇಲೆ ಪರೀಕ್ಷಿಸಿದ್ದಾರಾ ಎಂಬುದನ್ನು. 2ಇ1 ವಿಷಯದಲ್ಲಿ ಒಂದು ಅನುಕೂಲ ಇದೆ. ಮನುಷ್ಯ, ಇಲಿ ಎರಡರಲ್ಲೂ 2ಇ ಗುಂಪಿಗೆ ಒಂದೇ ಜೀನ್. ಒಂದನ್ನೊಂದು ಹೋಲುವ 3ಎ4, 3ಎ5 ಎನ್‌ಜೈಮ್‌ಗಳ ಥರ ಅಣ್ಣತಮ್ಮಂದಿರ ಕಾಟ ಇಲ್ಲ.

ತರಿಸುವುದು ಇನ್ನೊಂದು ಕಥೆ. ಏಪ್ರಿಲ್, ಮೇನಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿ ಕೊರಿಯರ್ ಆಫೀಸಿನಲ್ಲಿ ಭಾನುವಾರ ಪೂರ್ತಿ ಕೂತರೆ ಆ ಬೆಲೆಯ ಸರಕನ್ನು ನಂಬಲು ಮನಸ್ಸು ಬರುವುದಿಲ್ಲ. ಬೆಂಗಳೂರಿನಿಂದ ಸೋಮವಾರ, ಮಂಗಳವಾರ ಮಾತ್ರ ಕಳಿಸಿ ಎಂದು ಡೀಲರ್‌ಗೆ ಹೇಳಿದೆ. ಬಂದ ದಿನವೇ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 20ರಲ್ಲಿ ಇಟ್ಟೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಆ್ಯಂಟಿಬಾಡಿ ಸೊರಗುತ್ತದೆ. ಕರೆಂಟ್ ಹೋದಾಗ ಫ್ರೀಜರ್ ಬಾಗಿಲು ತೆರೆಯಬೇಡಿ ಎಂದು ಒಂದು ಚೀಟಿಯನ್ನೂ ಅಂಟಿಸಿದೆ.

ಈಗ ಮುಖ್ಯ ವಿಷಯ. ಬ್ಲಾಟ್ ಪರೀಕ್ಷೆಯಲ್ಲಿ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸುತ್ತೇವೆ, ಆ್ಯಂಟಿಬಾಡಿ ಅಂಟಿದ ಜಾಗ ಬ್ಯಾಂಡ್ ಎಂಬ ಗೆರೆಯಾಗಿ ಕಾಣುತ್ತದೆ. 2ಇ1 ಸೇರಿದ ಸೈಟೋಕ್ರೋಮ್ ಪಿ450 ಕುಟುಂಬದ ಎನ್‌ಜೈಮ್‌ಗಳೆಲ್ಲ ಹೆಚ್ಚುಕಡಿಮೆ 50ರಿಂದ 60 ಕಿಲೋಡಾಲ್ಟನ್ ತೂಗುತ್ತವೆ. ‘ಸರಿಯಾದ ಜಾಗದಲ್ಲಿ ಬ್ಯಾಂಡ್ ಬಂತು ಮೇಡಂ’ ಎಂದು ಜೂನಿಯರ್ ಖುಷಿಯಿಂದ ಬಂದರೆ ನಾನು ಕುಣಿಯುವುದಿಲ್ಲ. ನಮ್ಮೂರಿನ ಜೀನ್ಸ್ ಅಂಗಡಿಯಲ್ಲಿ 32ರ ಸೈಜಿನ ಪ್ಯಾಂಟ್‌ಗಳ ರಾಶಿ ಇರುತ್ತದೆ, ಸೈಜ್ ನೋಡಿ ಯಾವ ಘಟಕದಲ್ಲಿ ಹೊಲಿದಿದ್ದು ಅಂತ ಹೇಳಕ್ಕಾಗುತ್ತಾ? ಹಾಗೆಯೇ ಇದು. 2ಇ1 ಇರಲೇಬೇಕಾದ ಮಾದರಿ, ಇರಬಾರದ ಮಾದರಿ ಎರಡೂ ಒಂದೇ ಜೆಲ್‌ನಲ್ಲಿ ಪಕ್ಕಪಕ್ಕ ಓಡಬೇಕು.

ಇರಲೇಬೇಕಾದದ್ದಕ್ಕೆ ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಕೆಲವು ಇಲಿಗಳಿಗೆ ಒಂದು ವಾರ ಕುಡಿಯುವ ನೀರಿನಲ್ಲಿ ಶೇ 1ರಷ್ಟು ಅಸಿಟೋನ್ ಕೊಟ್ಟೆವು. ಇರಬಾರದ್ದಕ್ಕೆ ಹೆಪ್‌ಜಿ2 ಕೋಶಗಳು. ಲಿವರ್‌ನಿಂದ ಬಂದವೇ ಆದರೂ ಅವುಗಳಲ್ಲಿ 2ಇ1 ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಲೇನ್‌ಗೆ (ಜೆಲ್‌ನ ಸಾಲಿಗೆ) 2ಇ1ಗೆ ಅಂಟುವ ಪ್ರೈಮರಿ ಹಾಕದೆ, ಆ ಪ್ರೈಮರಿಯನ್ನು ಗುರುತಿಸುವ ಸೆಕೆಂಡರಿ ಆ್ಯಂಟಿಬಾಡಿ ಮಾತ್ರ. ಉಪವಾಸದ ಬಗ್ಗೆ ಹುಷಾರಾಗಿರಬೇಕು. ಲಿವರ್ ತೆಗೆಯುವ ಮುನ್ನ ಇಲಿಗಳಿಗೆ ಊಟ ನಿಲ್ಲಿಸುವುದು ರೂಢಿ, ಆದರೆ ಉಪವಾಸವೇ 2ಇ1 ಅನ್ನು ಏರಿಸುತ್ತದೆ. ಎಲ್ಲ ಗುಂಪಿಗೂ ಒಂದೇ ಹೊತ್ತು ಎಂದು ಬರೆದಿಟ್ಟುಕೊಂಡೆವು.

2ಇ1 ಇರುವುದು ಕೋಶದೊಳಗಿನ ಪೊರೆಯಲ್ಲಿ. ಆ ಪೊರೆಯ ಚೂರುಗಳನ್ನು, ಅಂದರೆ ಮೈಕ್ರೋಸೋಮ್ ತೆಗೆಯಲು ಒಂದು ಲಕ್ಷ ಜಿ (ಗುರುತ್ವದ ಲಕ್ಷ ಪಟ್ಟು) ಬಲದ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕು ಎಂದು ಪುಸ್ತಕ ಹೇಳುತ್ತದೆ. ನಮ್ಮಲ್ಲಿ ಅದಿಲ್ಲ. ಅದಕ್ಕೆ ಕ್ಯಾಲ್ಸಿಯಂ ದಾರಿ ಹಿಡಿದೆ. ಅರೆದ ಲಿವರನ್ನು 12,000 ಜಿ ಯಲ್ಲಿ ತಿರುಗಿಸಿ, ಮೇಲಿನ ದ್ರವಕ್ಕೆ 8 ಮಿಲಿಮೋಲಾರ್ ಆಗುವಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಬೇಕು. ಮೈಕ್ರೋಸೋಮ್‌ಗಳು ಒಂದಕ್ಕೊಂದು ಅಂಟಿಕೊಂಡು 27,000 ಜಿ ಯಲ್ಲಿ ಕಾಲು ಗಂಟೆಗೇ ಕೆಳಗೆ ಕೂರುತ್ತವೆ. ಮಸುಕು ಗುಲಾಬಿ ಮುದ್ದೆ ಸಿಕ್ಕಿತು. ಬ್ಲಾಟ್ ಕೆಲಸಕ್ಕೆ ಇದು ಧಾರಾಳವಾಗಿ ಸಾಕು, ಸುಮ್ನೆ ಬೇರೆ ಊರಿಗೆ ಮಾದರಿ ಹೊತ್ತುಕೊಂಡು ಹೋಗಬೇಕಿಲ್ಲ.

ಬ್ಲಾಟ್‌ನಲ್ಲಿ ಎರಡು ಮಾತು. ಪಿ450ಗಳು ಪೊರೆಗೆ ಅಂಟಿದ ಪ್ರೋಟೀನ್‌ಗಳು. 95 ಡಿಗ್ರಿಯಲ್ಲಿ ಕುದಿಸಿದರೆ ಗಂಟುಕಟ್ಟಿ ಜೆಲ್‌ನ ಬಾಯಲ್ಲೇ ನಿಲ್ಲುವ ಸಾಧ್ಯತೆ ಇದೆ. ನಾನು 70 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟೆ. ಎಲ್ಲ ಲೇನ್‌ಗೂ ಸಮನಾಗಿ ಮಾದರಿ ಬಿದ್ದಿದೆಯಾ ಎಂಬ ಹೋಲಿಕೆಗೆ ಎಲ್ಲರೂ ಕಣ್ಣುಮುಚ್ಚಿ ಬಳಸುವ ಬೀಟಾ ಆ್ಯಕ್ಟಿನ್ ಮೈಕ್ರೋಸೋಮ್‌ಗೆ ಹೊಂದುವುದಿಲ್ಲ, ಅದು ಅಲ್ಲಿನದ್ದಲ್ಲ. ಆ ಪೊರೆಯಲ್ಲೇ ಇರುವ ಕ್ಯಾಲ್ನೆಕ್ಸಿನ್ ವಾಸಿ. ಅದು 90 ಕಿಲೋಡಾಲ್ಟನ್ ಹತ್ತಿರ ಓಡುವುದರಿಂದ 2ಇ1ಗೆ ಅಡ್ಡ ಬರುವುದಿಲ್ಲ. ಲೇನ್‌ಗೆ 40 ಮೈಕ್ರೋಗ್ರಾಂ ಸುರಿಯುವ ಅಭ್ಯಾಸವನ್ನೂ ಬಿಡಬೇಕು. ಲಿವರ್‌ನಲ್ಲಿ 2ಇ1 ಹೇರಳವಾಗಿದೆ. ಜಾಸ್ತಿ ಹಾಕಿದರೆ ಎಲ್ಲ ಬ್ಯಾಂಡ್‌ಗಳೂ ಒಂದೇ ಸಮ ಕಪ್ಪಾಗಿ ವ್ಯತ್ಯಾಸವೇ ಮಾಯ. ಹತ್ತಕ್ಕಿಳಿಸಿದ ಮೇಲೆ ಅಸಿಟೋನ್ ಲೇನ್ ಎದ್ದು ಕಂಡಿತು. ಹೆಪ್‌ಜಿ2 ಲೇನ್ ಖಾಲಿ.

ಅದೇ ಆ್ಯಂಟಿಬಾಡಿಯನ್ನು ಲಿವರ್ ಸ್ಲೈಡ್‌ಗೂ ಹಾಕಿದೆ. ಲಿವರ್‌ನಲ್ಲಿ ಬಯೋಟಿನ್ ಸಹಜವಾಗಿಯೇ ತುಂಬಿರುತ್ತದೆ. ಹಾಗಾಗಿ ಅದಕ್ಕೇ ಅಂಟಿ ಸುಳ್ಳು ಬಣ್ಣ ಕೊಡಬಹುದಾದ ಅವಿಡಿನ್-ಬಯೋಟಿನ್ ಕಿಟ್ ಬಿಟ್ಟು ಪಾಲಿಮರ್ ಕಿಟ್ ತೆಗೆದುಕೊಂಡೆ. ಆ್ಯಂಟಿಬಾಡಿ ಅಂಟಿದಲ್ಲಿ ಬರುವ ಕಂದು ಬಣ್ಣ ನಡುವಿನ ಸಿರೆಯ ಸುತ್ತ ಮಾತ್ರ ಉಂಗುರದ ಹಾಗೆ ಕೂತಿತ್ತು, ಪೋರ್ಟಲ್ ಸಿರೆಯ ಕಡೆ ತೆಳು. 2ಇ1 ಇರುವುದೇ ಹಾಗೆ. ಪ್ಯಾರಾಸಿಟಮಾಲ್ ಹೆಚ್ಚಾದಾಗ ಲಿವರ್ ಸಾಯಲು ಶುರುವಾಗುವುದೂ ಅದೇ ಉಂಗುರದಿಂದ. ನನಗೆ ಬ್ಲಾಟ್‌ಗಿಂತ ಜಾಸ್ತಿ ಭರವಸೆ ಕೊಟ್ಟದ್ದು ಈ ಸ್ಲೈಡ್.

ಇಷ್ಟಾದರೂ ಆ್ಯಂಟಿಬಾಡಿ ಹೇಳುವುದು ಎನ್‌ಜೈಮ್ ಎಷ್ಟಿದೆ ಎಂದು ಮಾತ್ರ, ಎಷ್ಟು ದುಡಿಯುತ್ತಿದೆ ಎಂದಲ್ಲ. ಐಸೋನಿಯಾಜಿಡ್ ಮೈಯಲ್ಲಿ ಇರುವವರೆಗೂ 2ಇ1 ಅನ್ನು ಒಡೆಯಲು ಬಿಡುವುದಿಲ್ಲ, ದುಡಿಯಲೂ ಬಿಡುವುದಿಲ್ಲ. ಬ್ಯಾಂಡ್ ದಪ್ಪ, ಕೆಲಸ ಕಡಿಮೆ. ಔಷಧ ಹೊರಹೋದ ಮೇಲೆ ಕೆಲಸವೂ ಏರುತ್ತದೆ. ಹಾಗಾಗಿ ಪ್ರತಿ ಬ್ಲಾಟ್ ಜೊತೆ ಪ್ಯಾರಾ-ನೈಟ್ರೋಫೀನಾಲ್ ಪರೀಕ್ಷೆಯನ್ನೂ ಇಟ್ಟುಕೊಂಡಿದ್ದೇನೆ. 2ಇ1 ಅದನ್ನು ನೈಟ್ರೋಕ್ಯಾಟೆಕಾಲ್ ಮಾಡುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಬಣ್ಣ ಬರುತ್ತದೆ, ಕಾಲೇಜಿನ ಹಳೇ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲೇ ಓದಬಹುದು.