ಹಳೇ ಪೇಪರ್‌ನಲ್ಲಿ ಗಟ್ಟಿಮುಟ್ಟಾದ ಬಟ್ಟಲು

ದೊಡ್ಡ ಹಾಳೆಯ ಹಳೇ ಪತ್ರಿಕೆಯೊಂದನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ. ಸರ್ರನೆ, ಗೆರೆ ಎಳೆದಂತೆ ಹರಿಯುತ್ತದೆ. ಈಗ ಅದನ್ನೇ ಅಡ್ಡಡ್ಡ ಹರಿಯಿರಿ. ಮಾತೇ ಕೇಳುವುದಿಲ್ಲ, ಎಲ್ಲೆಲ್ಲೋ ಸೊಟ್ಟ ಹೋಗುತ್ತದೆ. ಕಾಗದ ತಯಾರಾಗುವಾಗ ಅದರೊಳಗಿನ ಮರದ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಅದಕ್ಕೇ ಹೀಗೆ. ಇವತ್ತಿನ ಕೆಲಸವೆಲ್ಲ ನಿಂತಿರುವುದು ಈ ನಾರಿನ ಮೇಲೆ.

ಮಾಡಹೊರಟಿರುವುದು ಪೇಪರ್ ಮಾಶೆ ಬಟ್ಟಲು. ಹೆಸರು ಫ್ರೆಂಚ್‌ನದು, ಅರ್ಥ ‘ಜಗಿದ ಕಾಗದ’. ಕಾಗದ ಅಂದ ತಕ್ಷಣ ಹಗುರವಾಗಿ ನೋಡಬೇಡಿ. 1772ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೆನ್ರಿ ಕ್ಲೇ ಎಂಬಾತ ಹಾಳೆಯ ಮೇಲೆ ಹಾಳೆ ಅಂಟಿಸಿ ಗಟ್ಟಿ ಹಲಗೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಅಂಥ ಹಲಗೆಯಿಂದ ತಟ್ಟೆಗಳಷ್ಟೇ ಅಲ್ಲ, ಪೀಠೋಪಕರಣಗಳೂ ತಯಾರಾದವು. ನಮಗೆ ಸದ್ಯ ಒಂದು ಬಟ್ಟಲು ಸಾಕು.

ಬೇಕಾದದ್ದು ಇಷ್ಟೇ: ಹಳೇ ಪತ್ರಿಕೆ, ಮೈದಾ, ಉಪ್ಪು, ಅಗಲವಾದ ಬ್ರಷ್, ಪ್ಲಾಸ್ಟಿಕ್ ಹಾಳೆ, ಅಚ್ಚಿಗೆ ಒಂದು ಸ್ಟೀಲ್ ಬಟ್ಟಲು. ಬಟ್ಟಲಿನ ಬಾಯಿ ತಳಕ್ಕಿಂತ ಅಗಲವಾಗಿರಲಿ. ಹೊಟ್ಟೆ ಉಬ್ಬಿ ಬಾಯಿ ಕಿರಿದಾದದ್ದನ್ನು ಆರಿಸಿಕೊಂಡರೆ ಆಮೇಲೆ ಕಾಗದವನ್ನು ಹೊರಗೆ ತೆಗೆಯುವುದು ಆಗದ ಮಾತು.

ಅಂಟು ಕಾಯಿಸುವುದು

ಅರ್ಧ ಲೋಟ ಮೈದಾಕ್ಕೆ ಅರ್ಧ ಲೋಟ ತಣ್ಣೀರು ಹಾಕಿ ಗಂಟಿಲ್ಲದಂತೆ ಕದಡಿ. ಇನ್ನೊಂದು ಪಾತ್ರೆಯಲ್ಲಿ 2 ಲೋಟ ನೀರು ಕುದಿಸಿ, ಕದಡಿದ್ದನ್ನು ಅದಕ್ಕೆ ನಿಧಾನವಾಗಿ ಸುರಿಯುತ್ತಾ ಕೈಬಿಡದೆ ತಿರುವಿ. ಎರಡು ಮೂರು ನಿಮಿಷದಲ್ಲಿ ಬಿಳುಪು ಹೋಗಿ ಮಂದವಾಗುತ್ತದೆ, ಸ್ವಲ್ಪ ಹೊಳಪೂ ಬರುತ್ತದೆ. ಸೌಟಿನ ಹಿಂಬದಿಗೆ ಹತ್ತಿಕೊಂಡು ನಿಂತರೆ ಹದ ಸರಿ. ಒಂದು ಚಮಚ ಉಪ್ಪು ಹಾಕಿ ಆರಲು ಬಿಡಿ. ಉಪ್ಪಿದ್ದರೆ ಬೂಷ್ಟು ಹಿಡಿಯುವುದು ಕಡಿಮೆ.

ಹಸಿ ಮೈದಾ ಕಲಸಿ ಹಚ್ಚಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕೆಲಸ ನಡೆಯುತ್ತದೆ, ಆದರೆ ಹಿಡಿತ ಅಷ್ಟಿರುವುದಿಲ್ಲ. ಹಿಟ್ಟಿನ ಪಿಷ್ಟದ ಕಣಗಳು ಸುಮಾರು 60 ಡಿಗ್ರಿ ಬಿಸಿಗೆ ನೀರು ಕುಡಿದು ಉಬ್ಬಿದ ಮೇಲೇ ನಿಜವಾದ ಅಂಟು ಹುಟ್ಟುವುದು.

ಕತ್ತರಿ ಬೇಡ, ಕೈಯಲ್ಲೇ ಹರಿಯಿರಿ

ಪಟ್ಟಿಗಳು 2-3 ಸೆಂಟಿಮೀಟರ್ ಅಗಲ, ಒಂದು ಬೆರಳಿನಷ್ಟು ಉದ್ದ ಇರಲಿ. ಕತ್ತರಿಸಿದ ಅಂಚು ಬಣ್ಣ ಬಳಿದ ಮೇಲೂ ಮೆಟ್ಟಿಲಿನಂತೆ ಎದ್ದು ಕಾಣುತ್ತದೆ. ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಸಣ್ಣ ನಾರು ರೋಮದ ಹಾಗೆ ಹೊರಚಾಚಿರುತ್ತದೆ. ಅಂಟು ತಾಗಿದಾಗ ಅದು ಪಕ್ಕದ ಪಟ್ಟಿಯ ಮೇಲೆ ಮಲಗಿ ಬೆರೆತುಹೋಗುತ್ತದೆ, ಜೋಡಣೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಬರೀ ಅಕ್ಷರಗಳ ಪುಟ ಒಂದು ರಾಶಿ, ಬಣ್ಣದ ಚಿತ್ರಗಳ ಪುಟ ಇನ್ನೊಂದು ರಾಶಿ ಮಾಡಿಕೊಳ್ಳಿ. ಯಾಕೆಂದು ಈಗಲೇ ಹೇಳುತ್ತೇನೆ.

ಪದರದ ಮೇಲೆ ಪದರ

ಬಟ್ಟಲನ್ನು ಬೋರಲು ಹಾಕಿ, ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ ತುದಿಗಳನ್ನು ಒಳಕ್ಕೆ ಮಡಚಿ. ಸುಮ್ನೆ ಎಣ್ಣೆ ಸವರಿದರೆ ಸಾಕು ಅಂದುಕೊಂಡು ನಾನು ಒಮ್ಮೆ ಪ್ಲಾಸ್ಟಿಕ್ ಬಿಟ್ಟಿದ್ದೆ. ಸವರದೆ ಉಳಿದ ಜಾಗದಲ್ಲೆಲ್ಲ ಕಾಗದ ಕಚ್ಚಿಕೊಂಡು, ಕೊನೆಗೆ ನೀರಲ್ಲಿ ನೆನೆಸಿ ಕೆರೆದು ತೆಗೆಯಬೇಕಾಯಿತು.

ಪಟ್ಟಿಗೆ ಎರಡೂ ಬದಿ ಅಂಟು ಹಚ್ಚಿ, ಜಾಸ್ತಿಯಾದದ್ದನ್ನು ಎರಡು ಬೆರಳ ನಡುವೆ ಎಳೆದು ಹಿಂಡಿಬಿಡಿ. ತೊಟ್ಟಿಕ್ಕುವಷ್ಟು ಒದ್ದೆ ಬೇಡ. ತಳದಿಂದ ಬಾಯಿಯ ಕಡೆಗೆ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಅಂಟಿಸುತ್ತಾ ಬನ್ನಿ. ಒಳಗೆ ಗಾಳಿ ಉಳಿಯದಂತೆ ಹೆಬ್ಬೆರಳಲ್ಲಿ ಒತ್ತಿ.

ಮೊದಲ ಪದರಕ್ಕೆ ಅಕ್ಷರದ ಪುಟ, ಎರಡನೆಯದಕ್ಕೆ ಬಣ್ಣದ ಪುಟ, ಮೂರಕ್ಕೆ ಮತ್ತೆ ಅಕ್ಷರ. ಹೀಗೆ ಮಾಡಿದರೆ ಎಲ್ಲಿ ಮುಚ್ಚಿದೆ, ಎಲ್ಲಿ ಬಿಟ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ. ಒಂದು ಪದರ ಉದ್ದಕ್ಕೆ ಹೋದರೆ ಮುಂದಿನದು ಅಡ್ಡಕ್ಕಿರಲಿ. ನಾರುಗಳು ಅಡ್ಡ-ಉದ್ದ ಕೂತಷ್ಟೂ ಬಟ್ಟಲು ಗಟ್ಟಿ.

ಮೂರು ಪದರಕ್ಕೆ ಕೈ ತೊಳೆದುಕೊಂಡು ಎದ್ದುಬಿಡಿ. ಇನ್ನೆರಡು ಹಾಕಿಬಿಡೋಣ ಅನ್ನಿಸುತ್ತದೆ, ಅಲ್ವಾ? ಹಾಗೆ ಆಸೆಪಟ್ಟೇ ನನ್ನ ಎರಡನೇ ಬಟ್ಟಲೂ ಹಾಳಾಗಿದ್ದು. ಒಂದೇ ಸಲಕ್ಕೆ ಎಂಟು ಪದರ ಹಾಕಿದ್ದೆ. ಹೊರಮೈ ಮಾರನೇ ದಿನವೇ ಗರಿಗರಿ ಒಣಗಿತ್ತು. ಖುಷಿಯಲ್ಲಿ ಬಣ್ಣವನ್ನೂ ಹಚ್ಚಿದೆ. ವಾರದೊಳಗೆ ನೀಲಿ ಬಣ್ಣದಡಿಯಿಂದ ಕಪ್ಪು ಚುಕ್ಕೆಗಳು ಮೇಲೆದ್ದವು. ಒಳಗಿನ ಪಸೆಗೆ ದಾರಿಯೇ ಇರಲಿಲ್ಲ, ಬೂಷ್ಟು ಹಿಡಿದಿತ್ತು.

ಗಾಳಿಯಾಡುವ ಜಾಗದಲ್ಲಿ ಒಂದು ಇಡೀ ದಿನ ಇಡಿ. ಸುಡುಬಿಸಿಲು ಬೇಡ, ಒಂದು ಮಗ್ಗುಲು ಬೇಗ ಒಣಗಿ ಆಕಾರ ತಿರುಚಿಕೊಳ್ಳುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಪಸೆ ಇದೆ. ಬೆರಳಲ್ಲಿ ತಟ್ಟಿದರೆ ಒದ್ದೆಯದು ‘ದಬ್’ ಅನ್ನುತ್ತದೆ, ಒಣಗಿದ್ದು ‘ಟಕ್ ಟಕ್’. ಆಮೇಲೆ ಇನ್ನೂ ಮೂರು ಪದರ, ಮತ್ತೊಂದು ದಿನ. ಆರು ಪದರವಾದರೆ ಚಿಕ್ಕ ಬಟ್ಟಲಿಗೆ ಸಾಕು, ದೊಡ್ಡದಾದರೆ ಎಂಟು.

ಬಿಡಿಸಿ, ಅಂಚು ಕಟ್ಟಿ

ಬಾಯಿಯ ಸುತ್ತ ಮೊಂಡು ಚಾಕು ಆಡಿಸಿ, ಪ್ಲಾಸ್ಟಿಕ್‌ನ ತುದಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಕಾಗದ ಕಳಚಿಕೊಳ್ಳುತ್ತದೆ. ಒಳಮೈ ಇನ್ನೂ ಹಸಿ ಇರುತ್ತದೆ. ಅಂಗಾತ ಇಟ್ಟು ಅದನ್ನೂ ಒಣಗಿಸಿ. ಅಂಚನ್ನು ಕತ್ತರಿಯಲ್ಲಿ ಸಮ ಮಾಡಿ (ಈಗ ಕತ್ತರಿ ಹಿಡಿಯಬಹುದು), ಚಿಕ್ಕ ಪಟ್ಟಿಗಳನ್ನು ಹೊರಗಿನಿಂದ ಒಳಕ್ಕೆ ಮಡಚಿ ಅಂಟಿಸಿ. ಇದನ್ನು ಬಿಟ್ಟರೆ ಪದರಗಳು ಬಿಚ್ಚಿಕೊಳ್ಳಲು ಶುರುವಾಗುವುದು ಅಲ್ಲಿಂದಲೇ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮ್ಮಿಷ್ಟ. ನುಣುಪು ಮರಳುಕಾಗದದಲ್ಲಿ ಒಮ್ಮೆ ಉಜ್ಜಿ, ಬಿಳಿ ಅಕ್ರಿಲಿಕ್ ಎರಡು ಕೈ ಹಚ್ಚುವುದನ್ನು ಮಾತ್ರ ತಪ್ಪಿಸಬೇಡಿ. ಇಲ್ಲದಿದ್ದರೆ ತಲೆಬರಹದ ದಪ್ಪ ಅಕ್ಷರಗಳು ನಿಮ್ಮ ಹಳದಿಯ ಅಡಿಯಿಂದ ಇಣುಕುತ್ತವೆ. ಕೊನೆಗೊಂದು ಕೈ ವಾರ್ನಿಷ್. ಹಾಗಂತ ನೀರು ತುಂಬಿಸಬೇಡಿ, ಇದು ಬೀಗದ ಕೈ, ಗುಂಡಿ, ಪೆನ್ಸಿಲ್ ತುಂಡುಗಳಿಗೆ ಆಗುವ ಬಟ್ಟಲು.

ಉಳಿದ ಅಂಟನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಬರುತ್ತದೆ. ಹುಳಿ ವಾಸನೆ ಬಂದರೆ ಕಾಗದದ ಚೂರಿನ ಜೊತೆ ಕಸಕ್ಕೆ ಹಾಕಿ. ಸಿಂಕಿಗೆ ಮಾತ್ರ ಸುರಿಯಬೇಡಿ. ಬಟ್ಟಲನ್ನು ಹಿಡಿದಿಟ್ಟ ಅಂಟು ಪೈಪನ್ನೂ ಹಿಡಿದುಕೊಳ್ಳುತ್ತದೆ.